ಓದಿಸುವ ಅಕ್ಕೋರು

ಅಕ್ಕೋರು ರಾಯಚೂರು ಬಿಟ್ಟು ದೇವದುರ್ಗಕ್ಕೆ ಹೋಗಿ ಒಂದು ಬೇಸಿಗೆ ಕಳೆಯಿತು. ಅವರಿಲ್ಲದ ಚೌಕದಲ್ಲಿ ಏನೇನು ಅನಾಹುತ ಆದೀತೆಂದು ನಾನು ಮುಂಚಿತವಾಗಿಯೇ ಚಿಂತಿಸಿ ಇಟ್ಟುಕೊಂಡಿದ್ದೆ. ಒಂದೂ ಆಗಲಿಲ್ಲ. ಭಾನುವಾರದ ಓದು ನಡೆದೇ ಇದೆ, ಚಹಾ ಬರುತ್ತಲೇ ಇದೆ, ಕವಿಗಳು ಮುನಿಸಿಕೊಂಡು ಹೋಗಿ ಮತ್ತೆ ಬರುತ್ತಲೇ ಇದ್ದಾರೆ. ಇಷ್ಟು ಗಟ್ಟಿಯಾಗಿ ಕಟ್ಟಿ ಹೋದವರ ಬಗ್ಗೆ ಬರೆಯುವಾಗ ಕಣ್ಣೀರಿಗೆ ಜಾಗವೇ ಸಿಗುವುದಿಲ್ಲ. ಆದರೂ ಹೋಗುವ ಮುಂಚಿನ ವರ್ಷ ಅವರಿಗೊಂದು ಆಸೆ ಗಂಟು ಬಿದ್ದಿತ್ತು. ಕಣ್ಣು ಮಂಜಾಗುತ್ತ ಬಂದಿತ್ತು. ಇನ್ನು ಮೇಲೆ ಯಾರಾದರೂ ಓದಿ ಹೇಳಬೇಕು. ಆ ಯಾರಾದರೂ ತನ್ನ ತಂಗಿಯೇ ಆಗಬೇಕು. ತಂಗಿಯೋ, ಅಕ್ಕನ ಮುಂದೆ ಒಂದು ಅಕ್ಷರ ಓದಲಾರೆ ಎಂದು ಕೂತಿದ್ದರು. ಹೇಳಬೇಕಾದದ್ದು ಇದೇ. ಆದರೆ ಅಲ್ಲಿಗೆ ಹೋಗಲು ಚೌಕವನ್ನು ದಾಟಿಯೇ ಹೋಗಬೇಕು.

ಚೌಕ ಎಂದರೆ ದೊಡ್ಡದೇನಲ್ಲ. ನಿಜಾಮರ ಕಾಲದ ಒಂದು ಕಲ್ಲಿನ ಕಮಾನು, ಪಕ್ಕದಲ್ಲೊಂದು ಬೇವಿನ ಮರ, ಮರದ ಸುತ್ತ ಕಟ್ಟೆ, ಕಟ್ಟೆಯ ಒಂದು ತುದಿಗೆ ಒಬ್ಬ ಸಾಹಿತಿಯ ಎದೆಮಟ್ಟದ ಮೂರ್ತಿ. ಬೋರ್ಡಿನ ಮೇಲೆ ಅವರ ಪೂರ್ತಿ ಹೆಸರು, ಊರು, ಬಿರುದು ಎಲ್ಲ ಇವೆ. ಆಟೋದವರ ಬಾಯಲ್ಲಿ ಅದು ಬರೇ ‘ಸಾಹಿತಿ ಚೌಕ್’. ಎರಡು ಆಟೋ ಎದುರಾದರೆ ಒಂದು ಹಿಂದಕ್ಕೆ ಸರಿಯಲೇಬೇಕು; ಯಾವುದು ಸರಿಯಬೇಕು ಎಂಬುದರ ಮೇಲೆ ದಿನಕ್ಕೊಂದು ಚರ್ಚೆ. ಒಂದು ಕಡೆ ಬಳೆ ಅಂಗಡಿ, ಇನ್ನೊಂದು ಕಡೆ ಹಿಟ್ಟಿನ ಗಿರಣಿ, ನಡುವೆ ಚಹಾದಂಗಡಿ. ಗಿರಣಿಯ ಮೇಲಿನ ಮಾಳಿಗೆಯಲ್ಲಿ ಅಕ್ಕೋರ ಮನೆ. ಕೆಳಗೆ ಗಿರಣಿ ಶುರುವಾದರೆ ಮೇಲೆ ಅವರ ಪುಸ್ತಕದ ಕಪಾಟು ಸಣ್ಣಗೆ ನಡುಗುತ್ತಿತ್ತು. ‘ನೋಡ್ರಿ, ಪುಸ್ತಕಕ್ಕೂ ಜೀವ ಅದ’ ಅನ್ನುತ್ತಿದ್ದರು.

ಅಕ್ಕೋರು ಎಂದರೆ ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳು. ಇವರು ಮಸರಕಲ್ಲು ಎಂಬ ಹಳ್ಳಿಯ ಕೂಲಿ ಮಾಡುವ ಮನೆಯಲ್ಲಿ ಹುಟ್ಟಿ, ಹಾಸ್ಟೆಲಿನಲ್ಲಿ ಓದಿ, ಮಲ್ಲಟದಲ್ಲಿ ನೌಕರಿ ಶುರು ಮಾಡಿ, ನೀರಮಾನ್ವಿಯಲ್ಲಿ ಕೆಲವು ವರ್ಷ ಇದ್ದು, ಕೊನೆಗೆ ರಾಯಚೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ನಿವೃತ್ತರಾದವರು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ ‘ಪುರಸೊತ್ತು ಸಿಗಲಿಲ್ಲ’ ಎಂದು ಹೇಳುತ್ತಿದ್ದರು, ಸಂತೆಗೆ ಹೋಗಲು ಆಗಲಿಲ್ಲ ಎಂಬಷ್ಟು ಹಗುರಾಗಿ. ಗಡಿಯಾರವನ್ನು ಮುಂಗೈಯ ಒಳಮಗ್ಗುಲಿಗೆ ಕಟ್ಟುತ್ತಿದ್ದರು. ಯಾರಿಗಾದರೂ ದಾರಿ ತೋರಿಸಬೇಕಾದರೆ ಕೈ ಎತ್ತುತ್ತಿರಲಿಲ್ಲ, ಗದ್ದ ಎತ್ತುತ್ತಿದ್ದರು. ಆ ಗದ್ದಕ್ಕೆ ಹೆದರದ ಆಟೋದವನನ್ನು ನಾನು ನೋಡಿಲ್ಲ.

ಭಾನುವಾರ ಬಿಸಿಲು ಕಮಾನಿನ ಮೇಲೆ ಏರುವ ಮೊದಲು ಕಟ್ಟೆಯ ಮೇಲೆ ಓದು. ಅದನ್ನು ಶುರು ಮಾಡಿದವರು ಅವರೇ, ಕಾಯ್ದೆ ಮಾಡಿದವರೂ ಅವರೇ. ಮೊದಲನೆಯದು: ತಾನು ಬರೆದದ್ದನ್ನು ತಾನು ಓದುವಂತಿಲ್ಲ. ಬರೆದವರು ತಮ್ಮ ಹಾಳೆಯನ್ನು ಬುಟ್ಟಿಯಲ್ಲಿ ಹಾಕಿ ಎಲ್ಲರಿಗೂ ಚಹಾ ಕೊಡಬೇಕು. ಓದುವವರು ಬುಟ್ಟಿಗೆ ಕೈ ಹಾಕಿ ಸಿಕ್ಕಿದ್ದನ್ನು ಎತ್ತಿಕೊಳ್ಳಬೇಕು. ಎರಡನೆಯದು: ಓದುವವರು ತಡವರಿಸಿದರೆ ಯಾರೂ ಹೇಳಿಕೊಡುವಂತಿಲ್ಲ. ಎಷ್ಟು ಹೊತ್ತಾದರೂ ಸುಮ್ಮನೆ ಕೂತು ಕಾಯಬೇಕು. ಮೂರ್ತಿಯಾಗಿರುವ ಸಾಹಿತಿಯ ಜಯಂತಿಗೆ ಯಾರೋ ಭಾಷಣ ಮಾಡುತ್ತ ‘ಇವರ ಆದರ್ಶ ಪಾಲಿಸಬೇಕು’ ಅಂದಾಗ ಅಕ್ಕೋರು ಗದ್ದ ಎತ್ತಿ ಮೂರ್ತಿ ತೋರಿಸಿದರು: ‘ನನ್ನ ಕಾಯ್ದೆ ತಪ್ಪದಂಗ ಪಾಲಿಸೋರು ಇಲ್ಲಿ ಅವರೊಬ್ಬರೇ ನೋಡ್ರಿ. ತಮ್ಮದನ್ನ ಬ್ಯಾರೆಯವರು ಓದಿದ್ರೂ ಬಾಯಿ ಹಾಕಂಗಿಲ್ಲ.’

ಒಮ್ಮೆ ಜೀಪಿನಲ್ಲಿ ಒಬ್ಬರು ಕವಿಗಳು ಬಂದರು, ಅಧಿಕಾರಿಗಳೂ ಹೌದು. ತುಂಗಭದ್ರೆಯ ಮೇಲೆ ಉದ್ದನೆಯ ಪದ್ಯ ತಂದಿದ್ದರು. ಕಾಯ್ದೆ ಕೇಳಿ ನಕ್ಕು, ‘ನಮಗೂ ಅನ್ವಯಿಸುತ್ತಾ ಮೇಡಂ?’ ಅಂದರು. ಅಕ್ಕೋರು ಅವರ ಕೈಗೆ ಚಹಾದ ತಟ್ಟೆ ಕೊಟ್ಟರು. ಪದ್ಯ ಹೋಗಿ ಬಳೆ ಅಂಗಡಿಯ ಚಾಚಾನ ಕೈಗೆ ಸಿಕ್ಕಿತು. ಚಾಚಾ ಕನ್ನಡಕ ಒರೆಸಿ, ಗಂಟಲು ಸರಿ ಮಾಡಿ, ನದಿಯ ಜೊತೆ ಚೆನ್ನಾಗಿಯೇ ಹರಿಯುತ್ತಿದ್ದವರು ಒಂದು ಶಬ್ದದ ಹತ್ತಿರ ನಿಂತರು. ಮತ್ತೆ ಹಿಂದಿನಿಂದ ಬಂದರು. ಮತ್ತೆ ನಿಂತರು.

‘ಅರೇ ಅಮ್ಮಾ, ಈ ಲಫ್ಜು ಗಂಟಲಾಗ ಸಿಕ್ಕೊಳ್ಳಾಕತ್ತದ.’

ಕವಿಗಳು ತಟ್ಟೆ ಹಿಡಿದೇ ಬಾಯಿ ತೆರೆದರು. ಅಕ್ಕೋರ ಗದ್ದ ಮೇಲಕ್ಕೆ ಹೋಯಿತು. ಬಾಯಿ ಮುಚ್ಚಿತು. ಓದು ಮುಗಿದ ಮೇಲೆ ಅಕ್ಕೋರು ಅವರ ಹತ್ತಿರ ಹೋಗಿ ಮೆತ್ತಗೆ ಹೇಳಿದರು: ‘ಚಾಚಾರ ಗಂಟಲು ಸುದ್ದ ಅದ. ದಿನಾ ಹತ್ತು ಹೆಣ್ಣುಮಕ್ಕಳ ಜೋಡಿ ಬಳಿ ರೇಟಿಗೆ ವಾದ ಮಾಡೋ ಗಂಟಲು ಅದು. ನೀವು ಆ ಸಾಲು ಇನ್ನೊಂದ್ಸಲ ಕುಟ್ಟಿ, ಜರಡಿ ಹಿಡೀರಿ.’ ಕವಿಗಳು ಎರಡು ವಾರ ಬರಲಿಲ್ಲ. ಮೂರನೇ ವಾರ ಜೀಪು ಬಿಟ್ಟು ಆಟೋದಲ್ಲಿ ಬಂದು, ಯಾರೂ ಹೇಳದೆಯೇ ಚಹಾದ ತಟ್ಟೆ ಎತ್ತಿಕೊಂಡರು.

ನನ್ನ ಗತಿ ಇನ್ನೂ ಚಂದ. ನಾನು ಮಾನ್ವಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ, ಬಿಡುವಿನಲ್ಲಿ ಹಾಸ್ಯ ಬರೆಯುತ್ತೇನೆ ಎಂದು ತಿಳಿದಿದ್ದೇನೆ. ಗ್ಯಾಸ್ ಸಿಲಿಂಡರಿನ ಬಗ್ಗೆ ನನಗಿರುವ ಭಯವನ್ನು ಬಹಳ ನಾಜೂಕಾಗಿ, ಪಿಸುಮಾತಿನ ಹಾಗೆ ಬರೆದು ಬುಟ್ಟಿಗೆ ಹಾಕಿದ್ದೆ. ಅದು ಗಿರಣಿ ಮಾಲೀಕರಿಗೆ ಸಿಕ್ಕಿತು. ಜನ್ಮವೆಲ್ಲ ಗಿರಣಿಯ ಸದ್ದಿನ ಮೇಲೆ ಕೂಗಿ ಮಾತಾಡಿದ ಮನುಷ್ಯ. ನನ್ನ ಪಿಸುಮಾತನ್ನು ಅವರು ಮೂರು ಓಣಿಗೆ ಕೇಳುವ ಹಾಗೆ ಓದಿದರು. ಮರುದಿನ ಬಸ್ಸಿಗೆ ಓಡುತ್ತಿದ್ದ ನನ್ನನ್ನು ಚಹಾದಂಗಡಿಯವನು ನಿಲ್ಲಿಸಿ ಕೇಳಿದ, ‘ಸರ, ಗ್ಯಾಸ್ ಬಂದ್ ಮಾಡೀರಿಲ್ಲೋ?’ ನಾನು ತಿರುಗಿ ಮನೆಗೆ ಹೋದೆ. ಬಸ್ಸು ಹೋಯಿತು. ಅಕ್ಕೋರಿಗೆ ದೂರು ಹೇಳಿದರೆ, ‘ತಮ್ಮಾ, ಓದಾಕ ಧೈರ್ಯ ಬೇಕು, ಬರಿಯಾಕ ಬರೇ ಪೆನ್ನು ಸಾಕು. ನಿನ್ನ ಕಡೆ ಪೆನ್ನ ಅದ, ಅವರ ಕಡೆ ಧೈರ್ಯ ಅದ. ಜೋಡಿ ಚಲೋ ಆತು’ ಅಂದರು.

ಇಂಥವರ ಕಣ್ಣು ಮಂಜಾಗುತ್ತಿದೆ ಎಂದು ನನಗೆ ತಿಳಿದದ್ದು ಅವರು ಹೊಗಳಿದಾಗ. ಓದಿದ ಮೇಲೆ ಹಾಳೆ ಅವರ ಕೈಗೆ ಹೋಗುವುದು ರೂಢಿ. ಅವರು ಇನ್ನೊಮ್ಮೆ ಕಣ್ಣಾಡಿಸಿ ಎಲ್ಲೋ ಒಂದು ಕಡೆ ಉಗುರು ಒತ್ತಿ ವಾಪಸು ಕೊಡುತ್ತಿದ್ದರು. ಒಂದು ಭಾನುವಾರ ಹಾಳೆ ತೆಗೆದುಕೊಂಡವರು ನೋಡದೆಯೇ ‘ಚಲೋ ಅದ’ ಎಂದು ತಿರುಗಿಸಿದರು. ಮುಂದಿನ ಭಾನುವಾರವೂ ‘ಚಲೋ ಅದ’. ಅಕ್ಕೋರ ಬಾಯಿಂದ ಎರಡು ವಾರ ಸಾಲಾಗಿ ‘ಚಲೋ ಅದ’ ಬಂದರೆ ಚಿಂತೆ ಮಾಡಲು ನನ್ನಂಥವನೇ ಬೇಕಿಲ್ಲ. ಹಿಂದೆಯೇ ಮಾಳಿಗೆ ಹತ್ತಿದೆ.

‘ಗೊತ್ತಾತೇನು?’ ಅಂದರು. ‘ಡಾಕ್ಟರು ಹೇಳ್ಯಾರ. ಹೋಗಿದ್ದು ಬರಂಗಿಲ್ಲಂತ, ಇದ್ದದ್ದು ಎಷ್ಟು ದಿನ ಇರ್ತದೋ ಇರಲಿ ಅಂತ. ಮಂದಿ ಮುಖ ಕಾಣ್ತದ, ಬಸ್ಸು ಕಾಣ್ತದ. ಅಕ್ಷರ ಮಾತ್ರ ಇರುವಿ ಹರದಂಗ ಆಗ್ತದ.’

ನಾನು ಹೊಸ್ತಿಲ ಮೇಲೇ ಕೂತುಬಿಟ್ಟೆ. ಅವರೇ ನನಗೆ ನೀರು ಕೊಟ್ಟು, ಕುರ್ಚಿ ಸರಿಸಿ, ಏನೂ ಆಗುವುದಿಲ್ಲ ಎಂದು ಸಮಾಧಾನ ಹೇಳಬೇಕಾಯಿತು. ನೀರು ಕುಡಿದು ನಾನು ದೊಡ್ಡ ಮನಸ್ಸು ಮಾಡಿ, ‘ದಿನಾ ಸಂಜೆ ನಾನೇ ಬಂದು ಓದತೀನ್ರಿ ಅಕ್ಕೋರ’ ಅಂದೆ.

‘ಬ್ಯಾಡಪಾ. ನೀ ಓದಿದ್ರ ಮಕ್ಕಳ ಕಥೀನೂ ಆಸ್ಪತ್ರಿ ಚೀಟಿ ಆಗ್ತದ.’

‘ಮೊಬೈಲೇ ಓದಿ ಹೇಳ್ತದ್ರಿ ಈಗ.’

‘ಕೇಳೀನಿ. ಆ ಹುಡುಗಿ ಎಲ್ಲಾನೂ ಬಸ್ ಸ್ಟ್ಯಾಂಡಿನಾಗ ಅನೌನ್ಸ್ ಮಾಡಿದಂಗ ಓದ್ತಾಳ. ಹೀರೋಯಿನ್ ಸತ್ರೂ ಅಕಿಗೆ ಪ್ಲಾಟ್‌ಫಾರಂ ನಂಬರೇ.’ ಗಡಿಯಾರ ತಿರುವುತ್ತ ಹೇಳಿದರು, ‘ನನಗ ನನ್ನ ತಂಗಿ ಓದಬೇಕು. ಅಕಿಗೆ ಬರ್ತದ. ಬರಂಗಿಲ್ಲ ಅಂತ ಹಟ ಹಿಡದಾಳ. ನೀ ಮಾನ್ವಿಗೆ ಹೋಗ್ತೀಯಲ್ಲ, ಒಂದಿನ ದೇವದುರ್ಗಕ್ಕೂ ಹೋಗಿ ಬಾ.’

ತಂಗಿ ದೇವದುರ್ಗದ ಬಸ್ ನಿಲ್ದಾಣದ ಎದುರು ಒಗ್ಗರಣಿ ಮಂಡಕ್ಕಿ, ಮಿರ್ಚಿ ಭಜಿಯ ಹೋಟೆಲ್ ನಡೆಸುತ್ತಾರೆ. ಶನಿವಾರ ಕಾಲೇಜು ಮುಗಿಸಿ ಹೋದೆ. ಬಾಣಲೆಯ ಮುಂದೆ ಕೂತು, ಎರಡು ಕೈಯಿಂದ ಮಿರ್ಚಿ ಬಿಡುತ್ತ, ಬಾಯಿಂದ ನಾಲ್ಕು ಟೇಬಲ್ ಆಳುತ್ತಿದ್ದರು. ಗಟ್ಟಿ ಮೈಯ, ಇನ್ನೂ ಗಟ್ಟಿ ದನಿಯ ಹೆಣ್ಣುಮಗಳು. ಕಂಡಕ್ಟರುಗಳೇ ಅವರ ಮುಂದೆ ಮೆತ್ತಗೆ ಮಾತಾಡುತ್ತಿದ್ದರು.

‘ಯಾರ್ರಿ ನೀವು? ಕೂಡ್ರಿ ಮೊದಲ. ನಿಂತೋರು ನನಗ ಗಾಳಿಗೆ ಅಡ್ಡ.’

‘ಅಕ್ಕೋರು ಕಳಿಸ್ಯಾರ್ರಿ.’

‘ಹ್ಞೂಂ, ಗೊತ್ತಾತು. ಓದು ಅಂತ ಹೇಳಿ ಕಳಿಸ್ಯಾಳ. ನಿನ್ನ ತಂಗಿಗೆ ಅಕ್ಷರ ಬರಂಗಿಲ್ಲಂತ ಹೇಳ್ರಿ ಅಕಿಗೆ. ಏ, ಆ ಮೂಲಿ ಟೇಬಲ್ಲಿಗೆ ನೀರು!’

ನನಗೆ ಮಿರ್ಚಿ ಕೊಡಲು ಹಳೆಯ ಪೇಪರಿನ ತುಂಡು ಎತ್ತಿಕೊಂಡರು. ಮಿರ್ಚಿ ಇಡುವ ಮೊದಲು ಅದರ ಮೇಲೊಮ್ಮೆ ಕಣ್ಣು ಬಿತ್ತು. ತುಂಡನ್ನು ಪಕ್ಕಕ್ಕೆ ತೆಗೆದಿಟ್ಟು ಬೇರೆಯದು ಹರಿದರು.

‘ಅದಕ್ಕೇನಾಗಿತ್ರಿ?’ ಅಂದೆ.

‘ಅದು ಇನ್ನಾ ಮುಗದಿಲ್ಲ,’ ಅಂದವರು ಬಾಯಿ ಕಚ್ಚಿಕೊಂಡರು. ಆಮೇಲೆ ನಕ್ಕುಬಿಟ್ಟರು. ‘ಹೋಗಲಿ ಬಿಡ್ರಿ, ಸಿಕ್ಕುಬಿದ್ದೆ. ಕುರಿ ಕದ್ದವನ ಸುದ್ದಿ ಅದು. ಪೊಲೀಸ್ರು ಹಿಡದ್ರು ಅಂತ ತನಕ ಓದೀನಿ. ಕುರಿ ಸಿಕ್ವೋ ಇಲ್ಲೋ ಇನ್ನೊಂದು ತುಂಡಿನಾಗ ಅದ. ಆ ತುಂಡಿನಾಗ ಯಾರೋ ಮಿರ್ಚಿ ಕಟ್ಟಿಸ್ಕೊಂಡು ಶಹಾಪುರದ ಬಸ್ ಹತ್ಯಾರೇನೋ ಅಂತ ಹುಡುಕಾಕತ್ತೀನಿ. ನನ್ನ ಹಣೇಬರ ನೋಡ್ರಿ, ಯಾವ ಸುದ್ದೀನೂ ಪೂರ್ತಿ ಸಿಗಂಗಿಲ್ಲ.’

ಬಸ್ಸಿನ ಬೋರ್ಡು ನೋಡಿ ನೋಡಿ ಅಕ್ಷರ ಕೂಡಿಸಿದ್ದಂತೆ. ಮಾನ್ವಿ, ರಾಯಚೂರು, ಶಹಾಪುರ. ಊರುಗಳಿಂದ ಅಕ್ಷರ, ಅಕ್ಷರದಿಂದ ಸುದ್ದಿ. ಹಾಗಾದರೆ ಅಕ್ಕನಿಗೆ ಓದಿ ಹೇಳಲು ಏನು ಕಷ್ಟ ಎಂದು ಕೇಳಿದೆ. ಅವರು ಬೆಂಕಿ ಸಣ್ಣ ಮಾಡಿದರು.

‘ಅಕಿ ಹಾಸ್ಟೆಲಿನಾಗ ಓದಾಕತ್ತಿದ್ಲು. ನಾ ಮನಿಯಾಗ ಸಣ್ಣವ್ರನ್ನ ಆಡಿಸ್ಕೊಂಡು ಇದ್ದೆ. ರಜಕ್ಕ ಬಂದಾಗ ಪುಸ್ತಕ ತಂದು, ಬಾ ಕಲಸ್ತೀನಿ ಅಂದ್ಲು. ಮಸರಕಲ್ಲಿನ ಮನಿ ಮೆಟ್ಟಲ ಮ್ಯಾಲ ಕೂತು ಬೆರಳಿಟ್ಟು ಒಂದೊಂದು ಅಕ್ಷರ ಓದಾಕತ್ತೆ. ಎಲ್ಲೋ ಒಂದು ಕಡೆ ತಡದೆ. ಬಂದ ಬಿಟ್ಟಿತ್ರಿ ಅದು, ನಾಲಿಗಿ ತುದಿಗೆ ಬಂದಿತ್ತು. ಅಷ್ಟ್ರಾಗ ಪುಸ್ತಕ ಕಸಗೊಂಡು, ಹಿಂಗ ಓದಿದ್ರ ಬೆಳಗಾಗ್ತದ ಅಂತ ತಾನೇ ಗಡಗಡ ಓದಿ ಮುಗಿಸಿದ್ಲು. ಅಲ್ಲಿಂದ ಅಕಿ ಮುಂದ ಬಾಯಿ ತೆರದಿಲ್ಲ. ಈಗ ಅಕಿ ಕಣ್ಣು ಹೋಗಾಕತ್ತಿರಬಹುದು, ಬಾಯಿ ಹೋಗಿಲ್ಲಲ್ರಿ. ನಾ ತಡದ್ರ ಮುಂದಿಂದು ಹೇಳೇ ಬಿಡ್ತಾಳ.’

ಆಗ ನಾನು ಚೌಕದ ಎರಡನೇ ಕಾಯ್ದೆ ಹೇಳಿದೆ. ಯಾರೂ ಹೇಳಿಕೊಡುವಂತಿಲ್ಲ, ಎಲ್ಲರೂ ಕಾಯಬೇಕು. ಮಿರ್ಚಿ ಎತ್ತುವ ಜಾಲರಿ ಸೌಟು ಹಿಡಿದ ಅವರ ಕೈ ಹಾಗೇ ನಿಂತಿತು.

‘ಆ ಕಾಯ್ದಿ ಅಕಿಗೂ ಅದೇನು?’

‘ಅದರಿ.’

‘ಮಾಡ್ದಾಕಿಗೇ?’

‘ಅವರಿಗೇ.’

‘ಹಂಗಾರ ನೋಡೂಣು,’ ಅಂದರು. ಬೆಂಕಿ ದೊಡ್ಡದು ಮಾಡಿದರು.

ನಾನು ಬಂದು ಮಾಳಿಗೆಯ ಮೇಲೆ ಎಲ್ಲ ವರದಿ ಒಪ್ಪಿಸಿದೆ. ಮೆಟ್ಟಿಲ ಮೇಲಿನ ಪುಸ್ತಕದ ಮಾತು ಹೇಳಬೇಕೋ ಬೇಡವೋ ಎಂದು ಬಸ್ಸಿನ ದಾರಿಯುದ್ದಕ್ಕೂ ಒದ್ದಾಡಿ, ಹೇಳುವುದಿಲ್ಲವೆಂದು ನಿಶ್ಚಯಿಸಿ, ಕುರ್ಚಿಯಲ್ಲಿ ಕೂತ ಕೂಡಲೇ ಹೇಳಿಬಿಟ್ಟೆ. ಕೆಳಗೆ ಗಿರಣಿ ಶುರುವಾಗಿ, ಕಪಾಟು ನಡುಗಿ, ಗಿರಣಿ ನಿಂತಿತು.

‘ಮಲ್ಲಟದಾಗ ಮೊದಲನೇ ದಿನ ಒಂದು ಹುಡುಗಿ ಓದಾಕ ನಿಂತು ತಡವರಿಸಿದ್ಲು,’ ಅಂದರು ಅಕ್ಕೋರು. ‘ನನ್ನ ಕೈ ತಾನಾಗೇ ಅಕಿ ಪುಸ್ತಕದ ಕಡೆ ಹೋತು. ಅಲ್ಲೇ ತಂಗಿ ಮುಖ ಕಂಡ್ತು. ಕೈ ಹಿಂದಕ್ಕ ತಗೊಂಡು ಬೆನ್ನಿಗೆ ಕಟ್ಟಿ ನಿಂತೆ. ಆ ಕಾಯ್ದಿ ನಿಮಗಂತ ಮಾಡೀನಿ ಅಂತ ತಿಳದಿಯೇನು? ನನ್ನ ಕೈಗಂತ ಮಾಡಿದ್ದು ಅದು. ಊರ ಮಕ್ಕಳಿಗೆಲ್ಲಾ ಮುಟ್ಟಿತು, ಅಕಿಗೊಬ್ಬಾಕಿಗೆ ಮುಟ್ಟಲಿಲ್ಲ ನೋಡು.’

ಮುಂದಿನ ಭಾನುವಾರ ಮೊದಲ ಬಸ್ಸಿಗೇ ತಂಗಿ ಬಂದಿಳಿದರು, ಕೈಯಲ್ಲಿ ಒಂದು ಡಬ್ಬಿ ತುಂಬ ಮಿರ್ಚಿ. ಕಟ್ಟೆಯ ಸುತ್ತ ಯಾವತ್ತಿನ ಜನವೇ. ನನಗೆ ಮಾತ್ರ ಬೆಳಗಿನಿಂದ ಒಂದೇ ಚಿಂತೆ. ಅವರು ತಡವರಿಸಿದರೆ? ಅಕ್ಕೋರು ಬಾಯಿ ಹಾಕಿದರೆ? ಸಿಟ್ಟಿಗೆದ್ದು ಬಸ್ ಹತ್ತಿಬಿಟ್ಟರೆ? ಅಕ್ಕೋರು ಮೂರ್ತಿಯ ಪಕ್ಕ ಕೂತಿದ್ದರು, ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು.

ತಂಗಿ ಬುಟ್ಟಿಗೆ ಕೈ ಹಾಕಿ ಒಂದು ಹಾಳೆ ಎತ್ತಿದರು. ನಾನು ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಅದು ನನ್ನ ಹಾಳೆ. ಮನೆಗೆ ಕೀಲಿ ಹಾಕಿದೆನೋ ಇಲ್ಲವೋ ಎಂದು ಮಾನ್ವಿಯ ಬಸ್ಸಿನಲ್ಲಿ ಕೂತು ನಾನು ಪಟ್ಟ ಪಾಡು. ಇಷ್ಟು ದೊಡ್ಡ ಗಳಿಗೆಗೆ ಇಷ್ಟು ಸಣ್ಣ ಬರಹವೇ ಸಿಗಬೇಕೆ?

ಅವರು ಬೆರಳಿಟ್ಟು ಓದತೊಡಗಿದರು. ನಾಲ್ಕು ಟೇಬಲ್ ಆಳುವ ಆ ದನಿ ಎಲ್ಲಿ ಹೋಯಿತೋ, ಚಿಕ್ಕ ಹುಡುಗಿಯ ದನಿ ಬಂದಿತ್ತು. ಒಂದೊಂದೇ ಶಬ್ದ. ಮೊದಲ ಸಾಲು ಮುಗಿಯಿತು. ಎರಡನೆಯದು ಮುಗಿಯಿತು. ಮೂರನೆಯದರ ನಡುವೆ ನಿಂತರು.

ನಿಂತೇ ಇದ್ದರು. ಬೆರಳು ಹಾಳೆಯ ಮೇಲೆ, ಕಣ್ಣು ಬೆರಳಿನ ಮೇಲೆ. ಒಂದು ಆಟೋ ಬಂದು, ಪರಿಸ್ಥಿತಿ ನೋಡಿ, ತಾನಾಗಿ ಹಿಂದಕ್ಕೆ ಸರಿಯಿತು. ಚಾಚಾನ ತುಟಿ ಅಲುಗಿತು. ಗಿರಣಿ ಮಾಲೀಕರು ಅವರ ತೊಡೆ ಚಿವುಟಿದರು. ಅಕ್ಕೋರು ಸೆರಗಿನ ಒಳಗೆ ಮುಷ್ಟಿ ಬಿಗಿದು, ಕೆಳದುಟಿ ಕಚ್ಚಿ ಕೂತಿದ್ದರು. ಆ ಹಾಳೆಯನ್ನು ಹಿಂದಿನ ದಿನವಷ್ಟೇ, ಬೇಡವೆಂದರೂ ಕೇಳದೆ, ನಾನು ಅವರಿಗೆ ಓದಿ ಹೇಳಿದ್ದೆ. ಮುಂದಿನ ಶಬ್ದ ಯಾವುದೆಂದು ಅವರಿಗೆ ಗೊತ್ತಿತ್ತು. ಅವರು ಹೇಳಲಿಲ್ಲ. ನಾನು ಅವರನ್ನು ಬಲ್ಲ ಇಷ್ಟು ವರ್ಷಗಳಲ್ಲಿ ಅವರು ಮಾಡಿದ ದೊಡ್ಡ ಕೆಲಸ ಅದೇ ಎಂದು ನನ್ನ ಎಣಿಕೆ.

ಕೊನೆಗೆ ತಂಗಿ ತಲೆ ಎತ್ತಿದರು. ದನಿ ದೇವದುರ್ಗದ ದನಿಯಾಗಿತ್ತು.

‘ಯಕ್ಕಾ, ಇದು ಯಾರು ಬರದಾರೋ. ಮೂರು ಸಾಲಾತು, ಬರೇ ಕೀಲಿ ಹಾಕೀನೋ ಇಲ್ಲೋ ಅಂತ ಅಳಾಕತ್ತಾನ. ಇಳದು ಹೋಗಿ ನೋಡಬಾರದೇನು? ಇದು ನನಗ ಬ್ಯಾಡ. ಬ್ಯಾರೆದು ತಗೋತೀನಿ.’

ಕ್ಷಣ ಹೊತ್ತು ಯಾರಿಗೂ ತಿಳಿಯಲಿಲ್ಲ. ಆಮೇಲೆ ಚೌಕಕ್ಕೆ ಚೌಕವೇ ನಕ್ಕಿತು. ನಾನೂ ನಕ್ಕೆ, ತಟ್ಟೆಯಲ್ಲಿನ ಚಹಾ ಚೆಲ್ಲಿತು. ಅವರು ತಡವರಿಸಿ ನಿಂತದ್ದಲ್ಲ, ಬೇಸರ ಬಂದು ನಿಂತದ್ದು.

‘ಅಮ್ಮಾ, ಹಿಂಗ ಬ್ಯಾಡ ಅನ್ನಾಕ ಬರ್ತದೇನು? ಕಾಯ್ದೇದಾಗ ಇಲ್ಲಲ್ಲ,’ ಅಂದರು ಚಾಚಾ, ತುಂಗಭದ್ರೆಯನ್ನು ಪೂರ್ತಿ ದಾಟಿದ ಮನುಷ್ಯ, ತುಸು ನೊಂದುಕೊಂಡೇ.

‘ಬರ್ತದ,’ ಅಂದರು ಅಕ್ಕೋರು. ಮುಷ್ಟಿ ಸಡಿಲಾಗಿ ಕೈಗಳು ಹೊರಗೆ ಬಂದಿದ್ದವು. ‘ಓದಾಕ ಬಂದವ್ರಿಗೆ ಬ್ಯಾಡ ಅನ್ನಾಕೂ ಬರ್ತದ. ತಗೋಳೇ ತಂಗಿ, ನಿನಗ ಬೇಕಾದ್ದು ತಗೋ.’

ತಂಗಿ ಬುಟ್ಟಿಯನ್ನೇ ತೊಡೆಯ ಮೇಲೆ ಎಳೆದುಕೊಂಡರು. ಒಂದು ಹಾಳೆ ತೆಗೆದು ನೋಡಿ ಕೆಳಗಿಟ್ಟರು. ಇನ್ನೊಂದು ತೆಗೆದರು. ಅದರ ಮೇಲೆ ಬೆರಳು ಸರಿಯಿತು, ತುಟಿ ಸದ್ದಿಲ್ಲದೆ ಆಡಿತು. ಒಂದು ಕಡೆ ಮುಖ ಅರಳಿತು. ಪುಟದ ತುದಿಗೆ ಬಂದು ತಿರುಗಿಸಿದರು. ಆ ಕಡೆಯೂ ಇತ್ತು.

ಅಕ್ಕೋರ ಕಡೆಯಿಂದ ತಂಗಿಯ ಬಗ್ಗಿದ ಮುಖ ಕಾಣುತ್ತಿರಲಿಲ್ಲ; ಸದ್ದು ನಿಂತದ್ದಷ್ಟೇ ಗೊತ್ತು. ‘ಯಾಕ ಸುಮ್ಮನಾತು?’ ಎಂದು ನನ್ನ ಕಡೆ ಬಾಗಿ ಕೇಳಿದರು. ‘ಏನ್ ಮಾಡಾಕತ್ತಾಳ?’

‘ಮನಸಿನಾಗ ಓದಾಕತ್ತಾರ್ರಿ ಅಕ್ಕೋರ,’ ಅಂದೆ. ‘ನಗಾಕತ್ತಾರ.’

‘ಯಾವ ಸಾಲಿಗೆ?’

‘ಗೊತ್ತಿಲ್ಲರಿ.’

‘ಲೇ ತಂಗಿ, ಗಟ್ಟಿಯಾಗಿ ಓದಲೇ. ನಾನೂ ಕೇಳ್ತೀನಿ.’

‘ತಡಿ ಯಕ್ಕಾ,’ ಅಂದರು ತಂಗಿ, ತಲೆ ಎತ್ತದೆಯೇ. ‘ಮೊದಲ ನಾ ಪೂರ್ತಿ ಓದ್ತೀನಿ. ಚಲೋ ಇದ್ರ ನಿನಗ ಹೇಳ್ತೀನಿ.’

ಬಿಸಿಲು ಕಮಾನು ಏರಿ ಕಟ್ಟೆಗೆ ಇಳಿಯಿತು. ಯಾರೂ ಏಳಲಿಲ್ಲ. ಅಕ್ಕೋರು ಎರಡು ಕೈ ತೊಡೆಯ ಮೇಲಿಟ್ಟು, ಪಾಠ ಶುರುವಾಗಲೆಂದು ಕೂತ ಮೊದಲ ಬೆಂಚಿನ ಹುಡುಗಿಯ ಹಾಗೆ ಬೆನ್ನು ನೆಟ್ಟಗೆ ಮಾಡಿ ಕಾದರು. ತಂಗಿ ಕೊನೆಯ ಸಾಲಿನಿಂದ ಬೆರಳು ತೆಗೆದು, ಹಾಳೆ ಮತ್ತೆ ಮೊದಲಿಗೆ ತಿರುಗಿಸಿ, ಅಕ್ಕನ ಹತ್ತಿರಕ್ಕೆ ಸರಿದು ಕೂತರು.

‘ಹ್ಞಾಂ. ಕೇಳು.’